ಪರಮಾಧಿಕಾರದ ಪರಿಭಾಷೆ: ಮಿತಾಕ್ಷರೆಯಿಂದ ಬೊಮ್ಮಾಯಿ ತೀರ್ಪಿನವರೆಗೆ ಕಲ್ಯಾಣ ಸೀಮೆಯ ಒಂದು ಓದು

ಕೇಂದ್ರ ಮತ್ತು ರಾಜ್ಯಗಳ ಸಂಬಂಧವನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚರ್ಚೆ ಬಹುಮಟ್ಟಿಗೆ ಎರಡು ದಾರಿಗಳಲ್ಲಿ ಸಾಗಿಬಂದಿದೆ. ಸಂವಿಧಾನದ ವಿಧಿಗಳನ್ನೂ ನ್ಯಾಯಾಲಯಗಳ ತೀರ್ಪುಗಳನ್ನೂ ಆಧರಿಸಿದ ರಾಜ್ಯಶಾಸ್ತ್ರದ ದಾರಿ ಒಂದು. ಏಕೀಕರಣದ ಹೆಮ್ಮೆಯಿಂದ ಹೊರಟು ಚಾಲುಕ್ಯ ಸಾಮ್ರಾಜ್ಯದ ವೈಭವವನ್ನು ಇಂದಿನ ರಾಜ್ಯದ ಪೂರ್ವರೂಪವೆಂದು ಕಾಣುವ ಇತಿಹಾಸದ ದಾರಿ ಇನ್ನೊಂದು. ಮೊದಲನೆಯದರ ದೃಷ್ಟಿ ದೆಹಲಿ–ಬೆಂಗಳೂರುಗಳ ನಡುವೆಯೇ ಓಡಾಡುತ್ತದೆ. ಎರಡನೆಯದು ಕಲ್ಯಾಣವನ್ನು ಕೊಂಡಾಡುತ್ತದೆಯಾದರೂ ಕಲ್ಯಾಣದ ಸುತ್ತಲಿನ ಹಳ್ಳಿಗಳು ಕಳೆದ ಇನ್ನೂರು ವರ್ಷ ಯಾರ ಆಳ್ವಿಕೆಯಲ್ಲಿದ್ದವು ಎಂಬುದನ್ನು ಮರೆಯುತ್ತದೆ. ಬಸವಕಲ್ಯಾಣ, ಹುಮನಾಬಾದ ಹಾಗೂ ಹಿಂದೆ ಹುಮನಾಬಾದ ತಾಲ್ಲೂಕಿನ ಹೋಬಳಿಯಾಗಿದ್ದು ಈಗ ಚಿಟಗುಪ್ಪಾ ತಾಲ್ಲೂಕಿಗೆ ಸೇರಿರುವ ಬೇಮಳಖೇಡ—ಈ ಸೀಮೆಯಲ್ಲಿ ನಿಂತು ನೋಡಿದಾಗ 'ಪರಮಾಧಿಕಾರ' ಎಂಬ ಪದದ ಅರ್ಥ ಪಠ್ಯಪುಸ್ತಕಗಳು ಹೇಳುವಷ್ಟು ಸರಳವಾಗಿ ಉಳಿಯುವುದಿಲ್ಲ.

ಪದದ ತೊಡಕನ್ನೇ ಮೊದಲು ಗಮನಿಸಬೇಕು. ಕನ್ನಡದ ರಾಜಕೀಯ ಬರವಣಿಗೆಯಲ್ಲಿ ಸಾರ್ವಭೌಮತ್ವ, ಪರಮಾಧಿಕಾರ, ಪ್ರಭುತ್ವ ಎಂಬ ಮೂರು ಪದಗಳು ಒಂದರ ಜಾಗದಲ್ಲಿ ಇನ್ನೊಂದು ಬಳಕೆಯಾಗುತ್ತಿವೆ. ದೇಶೀಯ ಸಂಸ್ಥಾನಗಳ ಮೇಲೆ ಬ್ರಿಟಿಷರು ಚಲಾಯಿಸುತ್ತಿದ್ದ 'ಪ್ಯಾರಮೌಂಟ್ಸಿ'ಗೂ ಸ್ವತಂತ್ರ ರಾಷ್ಟ್ರವೊಂದರ 'ಸಾವರಿನ್ಟಿ'ಗೂ 'ಪರಮಾಧಿಕಾರ'ವೆಂಬ ಒಂದೇ ಪದ ಸಲ್ಲುತ್ತಿರುವುದರಿಂದ ಹೈದರಾಬಾದ್ ಸಂಸ್ಥಾನದ ಇತಿಹಾಸವನ್ನು ಕನ್ನಡದಲ್ಲಿ ಬರೆಯುವಾಗ ಮುಖ್ಯವಾದ ವ್ಯತ್ಯಾಸವೊಂದು ಅಳಿಸಿಹೋಗುತ್ತದೆ. ಮೊದಲನೆಯದು ಒಬ್ಬ ಅರಸನ ಮೇಲೆ ಇನ್ನೊಬ್ಬರಿಗಿರುವ ಮೇಲಾಳಿಕೆ. ಎರಡನೆಯದು ತನ್ನ ಮೇಲೆ ಯಾರೂ ಇಲ್ಲವೆಂಬ ಪ್ರತಿಪಾದನೆ. ಕಲ್ಯಾಣ ಸೀಮೆಗೆ ಶತಮಾನಗಳಿಂದ ಪರಿಚಯವಿದ್ದುದು ಮೊದಲನೆಯದು ಮಾತ್ರ.

ಕಲ್ಯಾಣದ ಚಾಲುಕ್ಯರ ಶಾಸನಗಳ ಪ್ರಶಸ್ತಿಭಾಗವನ್ನು ಓದಿದವರಿಗೆ ಈ ಶ್ರೇಣಿ ಸುಪರಿಚಿತ. ಸಮಸ್ತಭುವನಾಶ್ರಯ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ ಎಂಬ ಬಿರುದುಗಳು ಚಕ್ರವರ್ತಿಗೆ ಸಲ್ಲುತ್ತವೆ. ಸಮಧಿಗತಪಂಚಮಹಾಶಬ್ದ, ಮಹಾಮಂಡಳೇಶ್ವರ ಎಂಬವು ಅಧೀನನಿಗೆ ಸೇರುತ್ತವೆ. ಇವನು ಅವನ 'ಪಾದಪದ್ಮೋಪಜೀವಿ'. ಶಾಸನದ ಸಾಲುಗಳ ಅನುಕ್ರಮವೇ ಅಧಿಕಾರದ ಅನುಕ್ರಮವೂ ಆಗಿದೆ. ಕಳಚುರಿ ಬಿಜ್ಜಳ ಮಹಾಮಂಡಳೇಶ್ವರನಾಗಿದ್ದವನು, 1162ರ ವೇಳೆಗೆ ಸಾರ್ವಭೌಮ ಬಿರುದುಗಳನ್ನೇ ಧರಿಸಿದ. ಯುದ್ಧಕ್ಕಿಂತ ಮೊದಲು ಬಿರುದಿನಲ್ಲಿ ಪಲ್ಲಟ ನಡೆಯುವ ಈ ಕ್ರಮವನ್ನು ಬಸವಾದಿ ಶರಣರ ಕಾಲದ ಹಿನ್ನೆಲೆಯಾಗಿ ಮಾತ್ರ ನೋಡುವ ರೂಢಿಯಿದೆ. ರಾಜ್ಯಾಧಿಕಾರದ ಸಿದ್ಧಾಂತದ ದೃಷ್ಟಿಯಿಂದಲೂ ಅದು ಮಹತ್ವದ ಸಂಗತಿ.

ಇದೇ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ. ಹಿಂದೂ ದಾಯಭಾಗ ಕಾನೂನಿನ ಆಧಾರಗ್ರಂಥವೆಂದು ಅದಕ್ಕೆ ಬಂದ ಕೀರ್ತಿ ಅದರ ರಾಜಧರ್ಮ ಮತ್ತು ವ್ಯವಹಾರ ಭಾಗಗಳನ್ನು ಮರೆಗೆ ಸರಿಸಿದೆ. ಭೂದಾನಪತ್ರಗಳನ್ನು ಕುರಿತ ಆಚಾರಾಧ್ಯಾಯದ ಶ್ಲೋಕಗಳನ್ನು ವಿವರಿಸುತ್ತ ವಿಜ್ಞಾನೇಶ್ವರ, ಭೂಮಿಯನ್ನಾಗಲಿ ನಿಬಂಧವನ್ನಾಗಲಿ ದಾನ ಮಾಡುವ ಅಧಿಕಾರ ಭೂಪತಿಗೆ ಮಾತ್ರ ಇದೆ, ಭೋಗಪತಿಗೆ ಇಲ್ಲ ಎಂದು ಸ್ಪಷ್ಟವಾಗಿ ಹೇಳುತ್ತಾನೆ. ಭೋಗಪತಿಯೆಂದರೆ ಪ್ರಾಂತದ ಆದಾಯವನ್ನು ಅನುಭವಿಸುವ ಅಧಿಕಾರಿ. ಆಧುನಿಕ ಪರಿಭಾಷೆಯಲ್ಲಿ ಇದು ಕೇಂದ್ರದ ಪರವಾದ ವ್ಯಾಖ್ಯಾನ. ಆದರೆ ಆತ ಬರೆಯುತ್ತಿದ್ದ ಕಾಲದಲ್ಲಿಯೇ, ಆತನ ಅರಸನ ರಾಜ್ಯದಲ್ಲಿಯೇ, ಮಹಾಮಂಡಳೇಶ್ವರರೂ ದಂಡನಾಯಕರೂ ಸುಂಕದ ಅಧಿಕಾರಿಗಳೂ ಐನೂರ್ವರಂತಹ ವರ್ತಕ ಸಂಘಗಳೂ ನಾಡು–ನಗರಗಳ ಸಭೆಗಳೂ ಭೂಮಿಯನ್ನು, ಸುಂಕವನ್ನು, ಆಯವನ್ನು ದತ್ತಿಬಿಟ್ಟ ಶಾಸನಗಳು ಕರ್ನಾಟಕದಾದ್ಯಂತ ದೊರೆತಿವೆ. ಶಾಸ್ತ್ರ ಒಂದನ್ನು ಹೇಳುತ್ತದೆ, ಕಲ್ಲು ಇನ್ನೊಂದನ್ನು ಹೇಳುತ್ತದೆ.

ಈ ವೈರುಧ್ಯವನ್ನು ಶಾಸ್ತ್ರಕಾರನ ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಕೇಂದ್ರದ ಹಕ್ಕನ್ನು ಅಷ್ಟು ಒತ್ತಿ ಹೇಳಬೇಕಾದುದೇ ಅದು ಆಚರಣೆಯಲ್ಲಿ ಸಡಿಲವಾಗಿತ್ತೆಂಬುದಕ್ಕೆ ಸೂಚನೆಯಾಗಬಹುದು. ಅದೇ ಸ್ಮೃತಿಯಲ್ಲಿ ರಾಜನ ಕೈಯನ್ನು ಕಟ್ಟುವ ಮಾತುಗಳೂ ಇವೆ. ಗೆದ್ದುಕೊಂಡ ದೇಶದ ಆಚಾರ, ವ್ಯವಹಾರ, ಕುಲಸ್ಥಿತಿಗಳನ್ನು ಇದ್ದಂತೆಯೇ ಪಾಲಿಸಬೇಕೆಂಬ ವಿಧಿಯೊಂದು. ಸಮೂಹಗಳು ತಮ್ಮೊಳಗೆ ಮಾಡಿಕೊಂಡ ಸಮಯಧರ್ಮವು ಸ್ವಧರ್ಮಕ್ಕೆ ವಿರುದ್ಧವಲ್ಲದಿದ್ದರೆ ರಾಜಶಾಸನದಂತೆಯೇ ಯತ್ನಪೂರ್ವಕ ರಕ್ಷಣೀಯವೆಂಬುದು ಇನ್ನೊಂದು. ಇಷ್ಟನ್ನು ಆಧರಿಸಿ ಚಾಲುಕ್ಯ ಸಾಮ್ರಾಜ್ಯವನ್ನು 'ಒಕ್ಕೂಟ'ವೆಂದು ಕರೆಯುವವರಿದ್ದಾರೆ. ಅದು ಕಾಲವಿಪರ್ಯಾಸ. ಸಾಮಂತನ ಅಧಿಕಾರಕ್ಕೆ ಬರಹದ ರಕ್ಷಣೆ ಇರಲಿಲ್ಲ; ಅವನ ಬಲವೇ ಅವನ ರಕ್ಷಣೆ. ಪ್ರಜೆಗೆ ಈ ಎರಡು ಹಂತಗಳ ನಡುವೆ ಆಯ್ಕೆಯೂ ಇರಲಿಲ್ಲ.

ಹನ್ನೆರಡನೆಯ ಶತಮಾನದಿಂದ ಆಸಫಜಾಹಿಗಳ ಕಾಲಕ್ಕೆ ಬಂದರೆ ಶ್ರೇಣಿ ಇನ್ನಷ್ಟು ಪದರಗಳನ್ನು ಪಡೆದುಕೊಂಡಿರುವುದು ಕಾಣುತ್ತದೆ. ಕಲ್ಯಾಣಿಯು ನವಾಬರ ಜಹಗೀರು. ಚಿಟಗುಪ್ಪಾ ಪಾಯಗಾ ಸೀಮೆ. ಸಂಸ್ಥಾನದ ಒಟ್ಟು ಭೂಮಿಯಲ್ಲಿ ಸರ್ಕಾರದ ನೇರ ಆಡಳಿತಕ್ಕೆ ಒಳಪಟ್ಟ ದಿವಾನಿ ಭೂಮಿ ಸುಮಾರು ಐದರಲ್ಲಿ ಮೂರು ಪಾಲು ಮಾತ್ರ. ಉಳಿದುದು ಜಹಗೀರುದಾರರ ಹಾಗೂ ನಿಜಾಮನ ಖಾಸಗಿ ಸರ್ಫೆಖಾಸ್‌ನ ವಶದಲ್ಲಿತ್ತು. ದೊಡ್ಡ ಜಹಗೀರುಗಳಲ್ಲಿ ಕಂದಾಯವಷ್ಟೇ ಅಲ್ಲದೆ ಪೊಲೀಸು, ನ್ಯಾಯಾಲಯಗಳೂ ಜಹಗೀರುದಾರನವೇ. ಅಂದರೆ ರೈತನ ಮೇಲೆ ಜಹಗೀರುದಾರ, ಅವನ ಮೇಲೆ ನಿಜಾಮ, ನಿಜಾಮನ ಮೇಲೆ ಬ್ರಿಟಿಷ್ ರೆಸಿಡೆಂಟ್. ಮೀರ್ ಉಸ್ಮಾನ್ ಅಲಿಖಾನ್ ಬೇರಾರ್ ಪ್ರಾಂತದ ವಿಷಯದಲ್ಲಿ ಸಮಾನಸ್ಕಂಧನಂತೆ ವಾದಿಸಿದಾಗ ವೈಸ್‌ರಾಯ್ ಲಾರ್ಡ್ ರೀಡಿಂಗ್ 1926ರ ಮಾರ್ಚ್ 27ರ ಪತ್ರದಲ್ಲಿ, ಬ್ರಿಟಿಷ್ ಮೇಲಾಳಿಕೆಯು ಒಪ್ಪಂದಗಳಿಂದ ಮಾತ್ರ ಬಂದುದಲ್ಲ, ಯಾವ ಸಂಸ್ಥಾನಿಕನೂ ಸಮಾನನಾಗಿ ಮಾತನಾಡಲಾರ ಎಂಬರ್ಥದ ಉತ್ತರ ಕೊಟ್ಟ. ಬಿಜ್ಜಳನ ಬಿರುದುಗಳ ಪ್ರಶ್ನೆಯೇ ಇಲ್ಲಿ ಇಂಗ್ಲಿಷ್ ಪತ್ರವ್ಯವಹಾರದ ರೂಪ ತಾಳಿದೆ.

1947ರ ಸ್ವಾತಂತ್ರ್ಯ ಕಾಯ್ದೆಯ 7ನೆಯ ಕಲಮು ಆ ಮೇಲಾಳಿಕೆಯನ್ನು ಕೊನೆಗೊಳಿಸಿದಾಗ, ಮೇಲಿನ ಪದರ ಕಳಚಿದರೆ ಕೆಳಗಿನವನು ಸ್ವತಂತ್ರ ಸಾರ್ವಭೌಮನಾಗುತ್ತಾನೆಂದು ಹೈದರಾಬಾದ್ ವಾದಿಸಿತು. 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದ, 1948ರ ಆಗಸ್ಟ್‌ನಲ್ಲಿ ಭದ್ರತಾ ಮಂಡಳಿಗೆ ಸಲ್ಲಿಸಿದ ದೂರು, ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆ—ಇವುಗಳ ವಿವರ ಅನೇಕ ಗ್ರಂಥಗಳಲ್ಲಿದೆ. ಆದರೆ ಈ ವಾದದಲ್ಲಿ ಪ್ರಜೆಗಳ ಸ್ಥಾನವೇನು ಎಂಬ ಪ್ರಶ್ನೆಯನ್ನು ಎರಡೂ ಕಡೆಯ ಕಾಗದಪತ್ರಗಳು ಬಹುಮಟ್ಟಿಗೆ ಬದಿಗಿಟ್ಟಿವೆ. ಅರಸನ ಸಾರ್ವಭೌಮತ್ವದ ಹಕ್ಕಿಗೆ ಈ ಸೀಮೆ ತೆತ್ತ ಬೆಲೆಯನ್ನು 1948ರ ಮೇ ತಿಂಗಳಲ್ಲಿ ಗೋರಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯೆಗಳು ಹೇಳುತ್ತವೆ. ಕಾರ್ಯಾಚರಣೆಯ ನಂತರ ತೆತ್ತ ಬೆಲೆಯನ್ನು, ಭಾರತ ಸರ್ಕಾರವೇ ಕಳುಹಿಸಿದ್ದ ಪಂಡಿತ ಸುಂದರಲಾಲ್ ನೇತೃತ್ವದ ಸಮಿತಿಯ ವರದಿ ಹೇಳುತ್ತದೆ. ಮುಸ್ಲಿಮರ ಮೇಲಿನ ಹಿಂಸೆ ಅತಿ ಹೆಚ್ಚಾಗಿದ್ದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಗುಲಬರ್ಗಾ, ನಾಂದೇಡಗಳೊಡನೆ ಬೀದರವೂ ಸೇರಿದೆ. ಮೊದಲನೆಯದನ್ನು ಸ್ಮರಿಸಿ ಎರಡನೆಯದನ್ನು ಬಿಡುವ, ಅಥವಾ ಎರಡನೆಯದನ್ನು ಎತ್ತಿ ಮೊದಲನೆಯದನ್ನು ಕಿರಿದುಗೊಳಿಸುವ ಬರವಣಿಗೆಗಳೆರಡೂ ಇತಿಹಾಸವಾಗಲಾರವು. ಪರಮಾಧಿಕಾರ ಯಾರದೆಂಬುದು ತೀರ್ಮಾನವಾಗದ ಆ ಹದಿಮೂರು ತಿಂಗಳಲ್ಲಿ ಮತ್ತು ಅದರ ಬೆನ್ನಿಗೇ ಬಂದ ವಾರಗಳಲ್ಲಿ ಸಾಮಾನ್ಯನನ್ನು ಕಾಯಬೇಕಾದ ಅಧಿಕಾರ ಯಾವುದೂ ಇರಲಿಲ್ಲವೆಂಬುದು ಎರಡು ಘಟನೆಗಳಿಗೂ ಸಮಾನವಾದ ಸತ್ಯ.

1949ರ ಆಗಸ್ಟ್‌ನಲ್ಲಿ ಜಹಗೀರುಗಳು ರದ್ದಾದವು. ಅದೇ ವರ್ಷ ನವೆಂಬರ್ 23ರಂದು ನಿಜಾಮ ಭಾರತದ ಸಂವಿಧಾನವನ್ನು ಸ್ವೀಕರಿಸುವ ಫರ್ಮಾನು ಹೊರಡಿಸಿದ. ಪ್ರಜಾಪ್ರಭುತ್ವದ ಸಂವಿಧಾನವನ್ನು ಒಪ್ಪಿಕೊಳ್ಳುವ ಮಾತು ಅರಸನ ಫರ್ಮಾನಿನ ರೂಪದಲ್ಲಿ ಬಂದುದು ವಿಚಿತ್ರವಾದರೂ ಆ ಕಾಲದ ಕಾನೂನಿನ ತರ್ಕಕ್ಕೆ ಅದು ಅಗತ್ಯವಾಗಿತ್ತು.

ಮುಂದಿನ ಹಂತದ ಮುಖ್ಯ ಪಠ್ಯ 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ. ಫಜಲ್ ಅಲಿ, ಹೃದಯನಾಥ ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್ ಅವರ ಆಯೋಗ 1955ರ ಸೆಪ್ಟೆಂಬರ್ 30ರಂದು ಸಲ್ಲಿಸಿದ ವರದಿಯಲ್ಲಿ ಬೀದರ ಜಿಲ್ಲೆಯನ್ನು ತೆಲುಗು ಜಿಲ್ಲೆಗಳೊಡನೆ ಉಳಿಯುವ ಹೈದರಾಬಾದ್ ರಾಜ್ಯಕ್ಕೇ ಬಿಟ್ಟಿತ್ತು. ಆ ಶಿಫಾರಸು ನಡೆದಿದ್ದರೆ ಕಲ್ಯಾಣ ಕರ್ನಾಟಕದಲ್ಲಿಯೇ ಇರುತ್ತಿರಲಿಲ್ಲ. ಸಂಸತ್ತು ಜಿಲ್ಲೆಯನ್ನು ಮೂರಾಗಿ ಒಡೆಯಿತು. ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ ತಾಲ್ಲೂಕು, ಬೀದರ ತಾಲ್ಲೂಕಿನ ನ್ಯಾಲಕಲ್ ವೃತ್ತ ಮತ್ತು ನಿರ್ಣಾ ವೃತ್ತವನ್ನು ಹೊರತುಪಡಿಸಿ ಜಹೀರಾಬಾದ್ ತಾಲ್ಲೂಕು ಆಂಧ್ರಪ್ರದೇಶಕ್ಕೆ ಸೇರಿದವು. ಉಳಿದುದು ಮೈಸೂರು ರಾಜ್ಯಕ್ಕೆ ಬಂತು.

'ನಿರ್ಣಾ ವೃತ್ತವನ್ನು ಹೊರತುಪಡಿಸಿ' ಎಂಬ ಈ ಮೂರು ಪದಗಳು ಕಾಯ್ದೆಯಲ್ಲಿ ಆವರಣದೊಳಗೆ ಕುಳಿತಿವೆ. ಬೇಮಳಖೇಡದ ಸೀಮೆಯಲ್ಲಿಯೇ ಇರುವ ನಿರ್ಣಾ ಆವರಣಚಿಹ್ನೆಯೊಂದರ ಬಲದಿಂದ ಕರ್ನಾಟಕಕ್ಕೆ ಉಳಿಯಿತು. ಒಂದೇ ಬಾಲವುಳ್ಳ ಊರಹೆಸರುಗಳಲ್ಲಿ ಬೇಮಳಖೇಡ, ಹಳ್ಳಿಖೇಡಗಳು ಈಚೆಗಾದವು, ನಾರಾಯಣಖೇಡ ಆಚೆಗಾಯಿತು. ಕನ್ನಡ, ತೆಲುಗು, ಮರಾಠಿ, ಉರ್ದುಗಳು ಬೆರೆತ ಸಂತೆಗಳ ನಾಡಿನಲ್ಲಿ ವೃತ್ತವೆಂಬ ಕಂದಾಯ ಘಟಕ ರಾಜ್ಯದ ಗಡಿಯಾಗಿ ಮಾರ್ಪಟ್ಟಿತು. ಸಂವಿಧಾನದ 3ನೆಯ ವಿಧಿಯ ಪ್ರಕಾರ ಇದನ್ನು ಮಾಡುವ ಅಧಿಕಾರ ಸಂಸತ್ತಿನದು. ಬಾಧಿತ ರಾಜ್ಯದ ಶಾಸನಸಭೆ ತನ್ನ ಅಭಿಪ್ರಾಯವನ್ನು ಮಾತ್ರ ತಿಳಿಸಬಹುದು. ಆ ಅಭಿಪ್ರಾಯಕ್ಕೂ ರಾಷ್ಟ್ರಪತಿ ಗಡುವು ಹಾಕಬಹುದೆಂದು 1955ರ ಐದನೆಯ ತಿದ್ದುಪಡಿ ಸೇರಿಸಿತು. ಬಾಬುಲಾಲ್ ಪರಾಟೆ ಪ್ರಕರಣದಲ್ಲಿ 1959ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಸೂದೆ ಸಂಸತ್ತಿನಲ್ಲಿ ಬದಲಾದರೂ ಮತ್ತೊಮ್ಮೆ ಕೇಳಬೇಕಿಲ್ಲವೆಂದು ನಿರ್ಣಯಿಸಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1869ರ ಟೆಕ್ಸಾಸ್ ಪ್ರಕರಣದಲ್ಲಿ ಒಕ್ಕೂಟವೂ ರಾಜ್ಯಗಳೂ ಎರಡೂ ಅವಿನಾಶಿಯೆಂದಿತು. ಭಾರತದಲ್ಲಿ ಒಕ್ಕೂಟ ಮಾತ್ರ ಅವಿನಾಶಿ. ಹೈದರಾಬಾದ್ ಎಂಬ ರಾಜ್ಯವೇ 1956ರ ನವೆಂಬರ್ 1ರಂದು ಇಲ್ಲವಾದುದು ಇದಕ್ಕೆ ಸಾಕ್ಷಿ. ಆ ದಿನವನ್ನು ರಾಜ್ಯೋತ್ಸವವಾಗಿ ಆಚರಿಸುವ ಕನ್ನಡಿಗರು, ತಮ್ಮ ರಾಜ್ಯ ಹುಟ್ಟಿದ್ದು ರಾಜ್ಯಗಳ ಅಸ್ತಿತ್ವವನ್ನು ಸಂಸತ್ತಿನ ಇಚ್ಛೆಗೆ ಬಿಟ್ಟ ಅದೇ ವಿಧಿಯಿಂದ ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ.

ಪಶ್ಚಿಮ ಬಂಗಾಳ ಪ್ರಕರಣದಲ್ಲಿ (1963) ನ್ಯಾಯಾಲಯದ ಬಹುಮತ ರಾಜ್ಯಗಳಿಗೆ ಸಾರ್ವಭೌಮತ್ವವಿಲ್ಲವೆಂದಿತು. ನ್ಯಾಯಮೂರ್ತಿ ಸುಬ್ಬರಾವ್ ಭಿನ್ನಮತ ತಾಳಿದರು. ಕರ್ನಾಟಕ ಸ್ವತಃ ವಾದಿಯಾದ ಪ್ರಕರಣ ಬಂದದ್ದು 1977ರಲ್ಲಿ. ದೇವರಾಜ ಅರಸು ಸರ್ಕಾರದ ಮೇಲಿನ ಆರೋಪಗಳ ವಿಚಾರಣೆಗೆ ಕೇಂದ್ರ ಸರ್ಕಾರ ಗ್ರೋವರ್ ಆಯೋಗವನ್ನು ನೇಮಿಸಿದಾಗ, ರಾಜ್ಯದ ಮುಖ್ಯಮಂತ್ರಿ ಉತ್ತರ ಹೇಳಬೇಕಾದುದು ರಾಜ್ಯದ ಶಾಸನಸಭೆಗೆ ಮಾತ್ರ ಎಂದು ಕರ್ನಾಟಕ ವಾದಿಸಿತು. ಏಳು ನ್ಯಾಯಮೂರ್ತಿಗಳ ಪೀಠದ ಬಹುಮತ ಈ ವಾದವನ್ನು ಒಪ್ಪಲಿಲ್ಲ. ಆ ವರ್ಷದ ಕೊನೆಯ ದಿನ ಅರಸು ಸರ್ಕಾರವೂ ವಜಾ ಆಯಿತು. 1983ರ ಮಾರ್ಚ್‌ನಲ್ಲಿ ರಾಮಕೃಷ್ಣ ಹೆಗಡೆಯವರು ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿಗೆ ಕರೆದುದಕ್ಕೂ ಕೆಲವೇ ದಿನಗಳಲ್ಲಿ ಕೇಂದ್ರ ಸರ್ಕಾರ ಸರ್ಕಾರಿಯಾ ಆಯೋಗವನ್ನು ಘೋಷಿಸಿದುದಕ್ಕೂ ಇದು ಪೀಠಿಕೆ.

1989ರ ಏಪ್ರಿಲ್‌ನ ಘಟನೆ ಇದಕ್ಕಿಂತ ಹೆಚ್ಚು ಪರಿಚಿತ. ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಬೆಂಬಲ ಹಿಂತೆಗೆದುಕೊಂಡೆವೆಂದು ಹತ್ತೊಂಬತ್ತು ಶಾಸಕರ ಹೆಸರಿನ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ ತಲುಪಿದವು. ಮರುದಿನಗಳಲ್ಲೇ ಅವರಲ್ಲಿ ಏಳು ಮಂದಿ ತಮ್ಮ ಸಹಿಗಳನ್ನು ತಪ್ಪು ತಿಳಿವಳಿಕೆ ನೀಡಿ ಪಡೆಯಲಾಗಿದೆಯೆಂದು ಬರೆದರು. ಸದನದಲ್ಲಿ ಬಹುಮತ ತೋರಿಸಲು ಮುಖ್ಯಮಂತ್ರಿ ಸಿದ್ಧರಿದ್ದರು. 27ಕ್ಕೆ ಕರೆದಿದ್ದ ಅಧಿವೇಶನವನ್ನು ಹಿಂದಕ್ಕೆ ತರಲೂ ಒಪ್ಪಿದ್ದರು. ಆದರೂ 21ರಂದು ರಾಷ್ಟ್ರಪತಿ ಆಳ್ವಿಕೆಯ ಘೋಷಣೆ ಹೊರಬಿತ್ತು. ರಾಜ್ಯದ ಉಚ್ಚ ನ್ಯಾಯಾಲಯ ಅರ್ಜಿಯನ್ನು ವಜಾಗೊಳಿಸಿತು. ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ಕೊಟ್ಟ ತೀರ್ಪು ಬಹುಮತದ ಪರೀಕ್ಷೆ ಸದನದಲ್ಲಿ ನಡೆಯಬೇಕೇ ಹೊರತು ರಾಜ್ಯಪಾಲರ ಮನಸ್ಸಿನಲ್ಲಲ್ಲ ಎಂದು ಸ್ಥಾಪಿಸಿತು. 356ನೆಯ ವಿಧಿಯ ಘೋಷಣೆ ನ್ಯಾಯಿಕ ಪರಿಶೀಲನೆಗೆ ಒಳಪಡುತ್ತದೆ, ಸಂಸತ್ತಿನ ಎರಡೂ ಸದನಗಳು ಅನುಮೋದಿಸುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ಅಗತ್ಯವಾದರೆ ನ್ಯಾಯಾಲಯ ಸರ್ಕಾರವನ್ನು ಮರುಸ್ಥಾಪಿಸಬಹುದು ಎಂಬವು ಅದರ ಇತರ ಮುಖ್ಯಾಂಶಗಳು. ರಾಜ್ಯಗಳು ಕೇಂದ್ರದ ಬಾಲಂಗೋಚಿಗಳಲ್ಲ, ತಮಗೆ ಮೀಸಲಾದ ಕ್ಷೇತ್ರದಲ್ಲಿ ಅವು ಶ್ರೇಷ್ಠ ಎಂಬ ನ್ಯಾಯಮೂರ್ತಿ ಜೀವನ್ ರೆಡ್ಡಿಯವರ ಅಭಿಪ್ರಾಯ ಮುಂದಿನ ಎಲ್ಲ ಚರ್ಚೆಗಳಿಗೆ ಆಧಾರವಾಯಿತು.

ಈ ತೀರ್ಪಿನ ಮಹತ್ವವನ್ನು ಕಡಿಮೆಮಾಡದೆಯೇ ಅದರ ಮಿತಿಗಳನ್ನು ಹೇಳಬೇಕಾಗಿದೆ. ಕರ್ನಾಟಕದ ಘೋಷಣೆ ಅಸಂವಿಧಾನಿಕವೆಂದು ನ್ಯಾಯಾಲಯ ಹೇಳಿತು, ಆದರೆ ಹೇಳುವ ಹೊತ್ತಿಗೆ ಐದು ವರ್ಷ ಕಳೆದು, 1989ರ ನವೆಂಬರ್‌ನಲ್ಲಿ ಹೊಸ ಚುನಾವಣೆಯೂ ನಡೆದುಹೋಗಿತ್ತು. ಯಾರ ಹೆಸರಿನಲ್ಲಿ ತೀರ್ಪು ಪ್ರಸಿದ್ಧವೋ ಅವರಿಗೆ ಪರಿಹಾರ ದೊರೆಯಲಿಲ್ಲ. ಆ ಚುನಾವಣೆಯಲ್ಲಿ ಗೆದ್ದು ಮುಖ್ಯಮಂತ್ರಿಯಾದವರು ಬೇಮಳಖೇಡಕ್ಕೆ ನೆರೆಯ ಸೀಮೆಯಾದ ಚಿಂಚೋಳಿಯ ವೀರೇಂದ್ರ ಪಾಟೀಲರು. ಸದನದಲ್ಲಿ ಅಪಾರ ಬಹುಮತವಿದ್ದ ಅವರು 1990ರ ಅಕ್ಟೋಬರ್‌ನಲ್ಲಿ ಅಧಿಕಾರ ಬಿಡಬೇಕಾಗಿ ಬಂದದ್ದು ತಮ್ಮದೇ ಪಕ್ಷದ ಹೈಕಮಾಂಡಿನ ನಿರ್ಧಾರದಿಂದ. ನಡುವೆ ಒಂದು ವಾರ ರಾಷ್ಟ್ರಪತಿ ಆಳ್ವಿಕೆಯೂ ಬಂದುಹೋಯಿತು. ಸದನದ ಬಹುಮತವೇ ಅಂತಿಮವೆಂಬ ಬೊಮ್ಮಾಯಿ ತತ್ತ್ವ ರಾಜ್ಯಪಾಲರನ್ನು ತಡೆಯಬಲ್ಲದು. ದೆಹಲಿಯ ಪಕ್ಷ ಕಚೇರಿಯನ್ನು ತಡೆಯಲಾರದು. ಸಂವಿಧಾನದ ಯಾವ ಪುಟದಲ್ಲಿಯೂ ಇಲ್ಲದ ಈ 'ಮೇಲಾಳಿಕೆ'ಯನ್ನು ಒಕ್ಕೂಟ ವ್ಯವಸ್ಥೆಯ ವಿಮರ್ಶಕರು ಗಂಭೀರವಾಗಿ ಪರಿಗಣಿಸಿದ್ದು ಕಡಿಮೆ.

ಇನ್ನೂ ಮುಖ್ಯವಾದ ಮಿತಿಯೆಂದರೆ ತೀರ್ಪು ರಕ್ಷಿಸುವುದು ರಾಜ್ಯದ ಸರ್ಕಾರವನ್ನು, ರಾಜ್ಯದ ಭೂಪ್ರದೇಶವನ್ನಲ್ಲ. 2014ರ ಜನವರಿಯಲ್ಲಿ ಆಂಧ್ರಪ್ರದೇಶದ ವಿಧಾನಸಭೆ ವಿಭಜನೆಯ ಮಸೂದೆಯನ್ನು ತಿರಸ್ಕರಿಸಿದರೂ ಫೆಬ್ರವರಿಯಲ್ಲಿ ಸಂಸತ್ತು ಅದನ್ನು ಅಂಗೀಕರಿಸಿತು. 2019ರಲ್ಲಿ ಜಮ್ಮು ಮತ್ತು ಕಾಶ್ಮೀರದ ವಿಧಾನಸಭೆಯೇ ಇಲ್ಲದಿದ್ದಾಗ ಅದರ ಪರವಾಗಿ ಅಭಿಪ್ರಾಯ ಹೇಳಿದ್ದು ಸಂಸತ್ತೇ. 2023ರ ಡಿಸೆಂಬರ್ 11ರ ತೀರ್ಪು ಬೊಮ್ಮಾಯಿ ಪ್ರಕರಣವನ್ನು ವಿಸ್ತಾರವಾಗಿ ಚರ್ಚಿಸಿಯೂ, ಪೂರ್ಣ ರಾಜ್ಯವೊಂದನ್ನು ಕೇಂದ್ರಾಡಳಿತ ಪ್ರದೇಶವಾಗಿಸಬಹುದೇ ಎಂಬುದನ್ನು ನಿರ್ಣಯಿಸದೆ ಬಿಟ್ಟಿತು.

ಇಷ್ಟರಿಂದ ಕೇಂದ್ರದ ಅಧಿಕಾರ ಸದಾ ಒತ್ತಡ, ರಾಜ್ಯದ ಅಧಿಕಾರ ಸದಾ ರಕ್ಷಣೆ ಎಂಬ ನಿರ್ಣಯಕ್ಕೆ ಬರುವುದು ಬೆಂಗಳೂರಿಗೆ ಅನುಕೂಲವಾಗಬಹುದು. ಕಲ್ಯಾಣ ಸೀಮೆಯ ಅನುಭವ ಅದನ್ನು ಸಮರ್ಥಿಸುವುದಿಲ್ಲ. 1973ರ ಮೂವತ್ತೆರಡನೆಯ ತಿದ್ದುಪಡಿಯ ಮೂಲಕ ಆಂಧ್ರಪ್ರದೇಶಕ್ಕೆ 371ಡಿ ವಿಧಿ ದೊರೆತು, ಸ್ಥಳೀಯರಿಗೆ ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಅವಕಾಶ ಕಾಯ್ದಿರಿಸುವ ವ್ಯವಸ್ಥೆ ಜಾರಿಗೆ ಬಂತು. ಜಹೀರಾಬಾದ್, ನಾರಾಯಣಖೇಡಗಳು ಅದರೊಳಗೆ ಬಂದವು. ಅದೇ ಸಂಸ್ಥಾನದ ಅದೇ ಜಿಲ್ಲೆಯ ಪಾಲಾಗಿದ್ದ ನಿರ್ಣಾ, ಬೇಮಳಖೇಡಗಳು ಹೊರಗುಳಿದವು. ಕರ್ನಾಟಕದ ಭಾಗಕ್ಕೂ ಅಂತಹುದೇ ವಿಧಿ ಬೇಕೆಂದು ವೈಜನಾಥ ಪಾಟೀಲರು ಮೊದಲಾದವರು ನಡೆಸಿದ ದೀರ್ಘ ಹೋರಾಟ, 2002ರ ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ತೋರಿಸಿಕೊಟ್ಟ ಪ್ರಾದೇಶಿಕ ಅಸಮತೋಲನ—ಇವೆಲ್ಲದರ ಫಲವಾಗಿ 2012ರ ತೊಂಬತ್ತೆಂಟನೆಯ ತಿದ್ದುಪಡಿ 371ಜೆ ವಿಧಿಯನ್ನು ತಂದಿತು. ಆವರಣದೊಳಗಿನ ಮೂರು ಪದಗಳ ಬೆಲೆ ಸುಮಾರು ನಲವತ್ತು ವರ್ಷ. ನಿರ್ಣಾ ಕರ್ನಾಟಕಕ್ಕೆ ಸೇರಬಾರದಿತ್ತು ಎಂಬುದು ಇದರ ಅರ್ಥವಲ್ಲ. ಸೇರಿಸಿಕೊಂಡ ರಾಜ್ಯ ತನ್ನ ಅಧಿಕಾರದೊಳಗೇ ಮಾಡಬಹುದಾಗಿದ್ದುದನ್ನು ಮಾಡದ ಕಾರಣ ಸೀಮೆಯ ಜನ ಸಂಸತ್ತಿನ ಬಾಗಿಲು ತಟ್ಟಬೇಕಾಯಿತು ಎಂಬುದು ಅರ್ಥ.

ಹದಿನೈದನೆಯ ಹಣಕಾಸು ಆಯೋಗ ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲನ್ನು ಶೇ. 4.713ರಿಂದ 3.647ಕ್ಕೆ ಇಳಿಸಿದಾಗ, ಹೆಚ್ಚು ದುಡಿಯುವವರಿಂದ ಪಡೆದು ಹಿಂದುಳಿದವರಿಗೆ ಕೊಡುವ ಸೂತ್ರ ಅನ್ಯಾಯದ್ದೆಂದು ರಾಜ್ಯ ವಾದಿಸಿತು. 2024ರ ಫೆಬ್ರವರಿಯಲ್ಲಿ ಮಂತ್ರಿಮಂಡಲವೇ ದೆಹಲಿಯಲ್ಲಿ ಧರಣಿ ಕುಳಿತಿತು. ವಾದದಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಆದರೆ 371ಜೆ ನಿಂತಿರುವುದು ಅದೇ ಸೂತ್ರದ ಮೇಲೆ. ದೆಹಲಿಯ ಮುಂದೆ ಒಂದು ನ್ಯಾಯವನ್ನೂ ಕಲಬುರಗಿಯ ಮುಂದೆ ಇನ್ನೊಂದನ್ನೂ ಹೇಳುವಾಗ ರಾಜ್ಯ ಎರಡರ ಸಂಬಂಧವನ್ನು ವಿವರಿಸಬೇಕಾದ ಹೊಣೆ ಹೊತ್ತಿರುತ್ತದೆ. ಆ ವಿವರಣೆ ಕನ್ನಡದ ಒಕ್ಕೂಟಪರ ಬರವಣಿಗೆಯಲ್ಲಿ ಕಾಣಸಿಗುವುದು ವಿರಳ.

371ಜೆಯ ಪಠ್ಯದಲ್ಲಿಯೂ ಬಿಡಿಸದ ಗಂಟೊಂದಿದೆ. ಅಭಿವೃದ್ಧಿ ಮಂಡಳಿಯ ಸ್ಥಾಪನೆ, ಅನುದಾನದ ಸಮಾನ ಹಂಚಿಕೆ, ಶಿಕ್ಷಣ ಮತ್ತು ಉದ್ಯೋಗದ ಮೀಸಲು—ಇವುಗಳಿಗಾಗಿ ಅದು ರಾಜ್ಯಪಾಲರಿಗೆ 'ವಿಶೇಷ ಹೊಣೆ'ಯನ್ನು ವಹಿಸುತ್ತದೆ. ಬೊಮ್ಮಾಯಿ ತೀರ್ಪು ಯಾರ ವಿವೇಚನೆಯನ್ನು ಸಂಶಯಿಸಿತೋ ಅದೇ ಹುದ್ದೆಯ ಮೇಲೆ ಈ ವಿಧಿ ಹಿಂದುಳಿದ ಸೀಮೆಯ ಭರವಸೆಯನ್ನು ಇರಿಸಿದೆ. ನಾಗಾಲ್ಯಾಂಡಿಗೆ ಸಂಬಂಧಿಸಿದ 371ಎ ಮತ್ತು ಅರುಣಾಚಲಕ್ಕೆ ಸಂಬಂಧಿಸಿದ 371ಎಚ್ ವಿಧಿಗಳಲ್ಲಿ ರಾಜ್ಯಪಾಲರು ತಮ್ಮ ಸ್ವಂತ ವಿವೇಚನೆಯಿಂದ ವರ್ತಿಸುವರೆಂಬ ಸ್ಪಷ್ಟ ಮಾತಿದೆ. 371ಜೆಯಲ್ಲಿ ಆ ಮಾತಿಲ್ಲ. ಆದ್ದರಿಂದ ರಾಜ್ಯಪಾಲರು ಇಲ್ಲಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕಾದವರೋ, ಮಂತ್ರಿಮಂಡಲದ ಉಪೇಕ್ಷೆಯಿಂದ ಸೀಮೆಯನ್ನು ಕಾಯಬೇಕಾದವರೋ ಎಂಬುದು ಶಬ್ದಗಳಿಂದ ತಿಳಿಯುವುದಿಲ್ಲ. ಆಚರಣೆಯಲ್ಲಿ ಮಂಡಳಿಯ ಅಧ್ಯಕ್ಷಸ್ಥಾನ ರಾಜ್ಯದ ಸಚಿವರ ಅಥವಾ ಶಾಸಕರ ಕೈಯಲ್ಲಿಯೇ ಇದ್ದುಬಂದಿದೆ. ದಾನದ ಅಧಿಕಾರ ಭೂಪತಿಗೋ ಭೋಗಪತಿಗೋ ಎಂದು ಕಲ್ಯಾಣದ ವ್ಯಾಖ್ಯಾನಕಾರ ಕೇಳಿಕೊಂಡಿದ್ದ ಪ್ರಶ್ನೆ, ಸೀಮೆಗೆ 2019ರಲ್ಲಿ 'ಕಲ್ಯಾಣ ಕರ್ನಾಟಕ'ವೆಂಬ ಹೆಸರು ಬಂದ ಮೇಲೆಯೂ ಮಂಡಳಿಯ ಕಡತಗಳಲ್ಲಿ ತೆರೆದೇ ಇದೆ.